ಮಾಲೂರಿನಿಂದ ಶ್ರೀನಿವಾಸಪುರದವರೆಗೆ ಒಂದು ಕೆಂಪು ದೀಪ

ಶನಿವಾರ ಬೆಳಿಗ್ಗೆ ಏಳಕ್ಕೆ ವಕ್ಕಲೇರಿ ಬಿಟ್ಟೆವು. ಕಾರು ನನ್ನದು, ಓಡಿಸುವವಳೂ ನಾನೇ. ನಲವತ್ತಾರನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಪಾಠ ಮಾಡುವ ಸ್ಕೂಲಿಗೆ ಹೋಗಿಬರಲೆಂದು ಕೊಂಡ ಹಳೇ ಗಾಡಿ. ಪಕ್ಕದ ಸೀಟಿನಲ್ಲಿ ನಮ್ಮ ಯಜಮಾನರು. ಮುಳಬಾಗಿಲಿನ ನಾದಿನಿ ಮನೆಗೆ ಹೋಗುವುದು ಬರೀ ನೆಪ. ನಿಜವಾದ ಚಿಂತೆ, ಒಂದು ವಾರದಿಂದ ಬಂದು ಬಂದು ಹೋಗುತ್ತಿದ್ದ ಕೆಂಪು ದೀಪದ್ದು. ಇಂಜಿನ್ನಿನಲ್ಲಿ ಆಯಿಲ್ ಪ್ರೆಶರ್ ಇಳಿದರೆ ಹತ್ತುವ ದೀಪ ಅದು. ಹತ್ತಿದ ತಕ್ಷಣ ಗಾಡಿ ನಿಲ್ಲಿಸಲೇಬೇಕು. "ಈ ಸಲಾನೂ ಗೊತ್ತಾಗ್ಲಿಲ್ಲ ಅಂದ್ರೆ ಮಾರ್ಬಿಡೋಣ. ಬಸ್ ಇಲ್ವಾ?" ಎಂದಿದ್ದರು ಯಜಮಾನರು. ಆ ಬಸ್ಸುಗಳಲ್ಲಿ ಹದಿನೆಂಟು ವರ್ಷ ನಿಂತುಕೊಂಡು ಓಡಾಡಿದವಳು ನಾನು, ಅವರಲ್ಲ.

ಗಾಡಿ ತೋರಿಸಲೆಂದು ಮೊದಲು ಮಾಲೂರಿನ ಕಡೆ ತಿರುಗಿದೆವು. ಬೆಳಗಿನ ತಂಪಿನಲ್ಲಿ ಅಲ್ಲಿಯವರೆಗೂ ದೀಪ ಹತ್ತಲಿಲ್ಲ. ಇಡ್ಲಿ ತಿಂದು ಗ್ಯಾರೇಜಿಗೆ ಹೋದೆವು. ನಾನು ಸ್ಟೀರಿಂಗ್ ಬಿಟ್ಟು ಇಳಿಯುವುದನ್ನು ಕಣ್ಣಾರೆ ಕಂಡ ಮೆಕ್ಯಾನಿಕ್, ನನ್ನನ್ನು ದಾಟಿಕೊಂಡು ಆ ಕಡೆ ಹೋಗಿ "ಏನ್ ಸಾರ್ ಪ್ರಾಬ್ಲಮ್ಮು?" ಎಂದ. ನಮ್ಮ ಯಜಮಾನರಿಗೆ ಸ್ಕೂಟರ್ ಬಿಟ್ಟರೆ ಬೇರೇನೂ ಓಡಿಸಲು ಬರುವುದಿಲ್ಲ. ಆದರೂ ಗಂಭೀರವಾಗಿ ವಿವರಿಸಿದರು. ಎರಡು ನಿಮಿಷ ಇಂಜಿನ್ ಸದ್ದು ಕೇಳಿದ ಅವನು, "ಆಯಿಲ್ ಪಂಪ್ ಹೋಗಿದೆ ಸಾರ್, ಇಂಜಿನ್ ಬಿಚ್ಬೇಕು. ಅದಕ್ಕಿಂತ ಕೊಟ್ಬಿಡಿ, ನನ್ನತ್ರ ತಗೊಳ್ಳೋ ಪಾರ್ಟಿ ಇದೆ" ಎಂದ. ಪಾರ್ಟಿಗೆ ಫೋಟೊ ಕಳಿಸಬೇಕೆಂದು ಬಾನೆಟ್ ಎತ್ತಿಸಿ, ಪೈಪು ಹಿಡಿದು ಪ್ರೆಶರ್ ನೀರಿನಲ್ಲಿ ಇಂಜಿನ್ನನ್ನೂ ಪುಗಸಟ್ಟೆ ತೊಳೆದುಕೊಟ್ಟ.

ಕೋಲಾರ ಇನ್ನೂ ದೂರವಿರುವಾಗಲೇ ದೀಪ ಹತ್ತಿತು. ನಿಲ್ಲಿಸಿ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದೆ, ಆಯಿಲ್ ಸರಿಯಾಗೇ ಇತ್ತು. ಅರ್ಧ ಗಂಟೆ ಬಿಸಿಲಿನಲ್ಲಿ ಕಾದ ಮೇಲೆ ದೀಪ ಆರಿತು. ಕೋಲಾರದ ಗ್ಯಾರೇಜಿನವನು ಕಂಪ್ಯೂಟರ್ ಹಾಕಿದ, ಏನೂ ಸಿಗಲಿಲ್ಲ. ದೀಪ ಹತ್ತಿಸುವ ಸೆನ್ಸರ್ ಬಿಚ್ಚಿ ಅದರ ಜಾಗದಲ್ಲಿ ಮುಳ್ಳಿನ ಮೀಟರ್ ಹಾಕಿ ನೋಡಿದ. ಪ್ರೆಶರ್ ಎಷ್ಟು ಬೇಕೋ ಅಷ್ಟಿತ್ತು. ಹಾಗಾದರೆ ಪಂಪು ಹೋಗಿಲ್ಲವಲ್ಲ ಎಂದು ನನಗೆ ಜೀವ ಬಂತು. ಅವನು ಮಾತ್ರ ಯಜಮಾನರ ಕಡೆ ತಿರುಗಿ, "ಮೇಡಮ್ಮೋರು ಕ್ಲಚ್ ಮೇಲೇ ಕಾಲಿಟ್ಕೊಂಡ್ ಓಡಿಸ್ತಾರೇನೋ ಸಾರ್" ಎಂದ. ಕ್ಲಚ್ಚಿಗೂ ಆಯಿಲ್ ದೀಪಕ್ಕೂ ಏನಪ್ಪಾ ಸಂಬಂಧ ಎಂದು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ನನಗೆ ಮೈಯೆಲ್ಲಾ ಉರಿದುಹೋಯಿತು. ಸೆನ್ಸರ್ ಬಿಚ್ಚುವಾಗ ಆಯಿಲ್ ಚೆಲ್ಲಿತ್ತೆಂದು ಅವನೂ ಇಂಜಿನ್ನಿಗೆ ನೀರು ಹೊಡೆದ.

ಮುಳಬಾಗಿಲಿನ ಹೈವೇಯಲ್ಲಿ ಮತ್ತೆ ದೀಪ. ಲಾರಿಗಳ ಗಾಳಿಗೆ ಸೀರೆ ಹಿಡಿದುಕೊಂಡು ರಸ್ತೆ ಬದಿಯಲ್ಲಿ ನಿಂತೆ. ಯಜಮಾನರು ಒಳಗೇ ಕೂತು ಮಾಲೂರಿನ ಮೆಕ್ಯಾನಿಕ್ಕಿಗೆ ಫೋನ್ ಮಾಡಿ, "ನಾಳೆ ಸಂಜೆ ತರ್ತೀವಿ, ಪಾರ್ಟೀನ ಕರ್ಸಪ್ಪ" ಎಂದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ದೀಪ ಆರಿದ ಮೇಲೆ ಮನೆ ಸೇರಿದಾಗ ನಾದಿನಿ ಬಿಸಿ ಮುದ್ದೆ, ಹುರುಳಿಕಾಳು ಸಾರು ಬಡಿಸಿದಳು. ಎರಡನೇ ತುತ್ತಿಗೇ ತಟ್ಟೆ ಸರಿಸಿದೆ. ನನ್ನ ಮುಖ ನೋಡಿ ಅವಳೇ, "ಶ್ರೀನಿವಾಸಪುರದಲ್ಲಿ ಒಬ್ರು ವಯಸ್ಸಾದ ಮೆಕ್ಯಾನಿಕ್ ಇದ್ದಾರೆ ಅತ್ತಿಗೆ, ತೋರ್ಸ್ಕೊಂಡ್ ಹೋಗಿ" ಎಂದಳು.

ಭಾನುವಾರ ಮಾವಿನ ತೋಪುಗಳ ನಡುವೆ ಮೂವತ್ತು ಕಿಲೋಮೀಟರಿನಷ್ಟು ದಾರಿ. ದೀಪದ ಸುಳಿವಿಲ್ಲ. ಶ್ರೀನಿವಾಸಪುರದ ಆ ಮೆಕ್ಯಾನಿಕ್ ಮೊದಲು ಕೇಳಿದ್ದೇ, "ಗಾಡಿ ಯಾರಮ್ಮಾ ಓಡಿಸೋದು?" "ನಾನೇ" ಎಂದೆ. ಅವರದು ತೆಲುಗು ಬೆರೆತ ಕನ್ನಡ. "ಅಟ್ಲಾದ್ರೆ ನೀವೇ ಹೇಳಿ. ದೀಪ ಹತ್ತೋಕ್ ಮುಂಚೆ ಏನೇನ್ ಮಾಡ್ಸಿದ್ರಿ?"

ಹೇಳುತ್ತಾ ಹೋದೆ. ಮಾಲೂರಿನಲ್ಲಿ ನೀರು, ಆಮೇಲೆ ದೀಪ. ಕೋಲಾರದಲ್ಲಿ ನೀರು, ಆಮೇಲೆ ದೀಪ. ಹೋದ ವಾರ ಮೊದಲ ಸಲ ಹತ್ತಿದ್ದೂ ವಾಟರ್ ಸರ್ವೀಸ್ ಮಾಡಿಸಿದ ದಿನವೇ. ಅವರು ಸೆನ್ಸರಿಗೆ ಹೋಗುವ ವೈರಿನ ಸಾಕೆಟ್ ಎಳೆದರು. ಒಳಗೆ ಹಸಿರು ಕಿಲುಬು, ಇನ್ನೂ ತೇವ. ನೀರು ತಡೆಯುವ ರಬ್ಬರ್ ಹರಿದಿತ್ತು. ಒರೆಸಿ, ಒಣಗಿಸಿ, ಇಂಜಿನ್ ಓಡುತ್ತಿರುವಾಗಲೇ ಬೇಕೆಂದೇ ನಾಲ್ಕು ಹನಿ ನೀರು ಬಿಟ್ಟರು. ಕೆಂಪು ದೀಪ ಹತ್ತಿತು. ಮತ್ತೆ ಒಣಗಿಸಿದರು, ಆರಿತು. "ಇಂಜಿನ್ ಬಂಗಾರದಂಗಿದೆ ಕಣಮ್ಮಾ. ಒಳಗೆ ನೀರ್ ಹೊಡೆಸ್ಬೇಡಿ ಅಷ್ಟೇ" ಎಂದು ಹೊಸ ಸಾಕೆಟ್ ಹಾಕಿಕೊಟ್ಟರು. ನನ್ನ ಕಣ್ಣು ತುಂಬಿ ಬಂತು. ಸಿಟ್ಟೂ ಬಂತು. ಯಾರಾದರೂ ನನ್ನನ್ನು ಇಷ್ಟು ಕೇಳಲು ಎರಡು ದಿನ, ನಾಲ್ಕು ಊರು ಬೇಕಾಯಿತೆ?

ಊರು ದಾಟುತ್ತಿದ್ದಂತೆ ಮಾಲೂರಿನಿಂದ ಫೋನ್ ಬಂತು. "ಸೆನ್ಸರ್‌ಗೆ ನೀರ್ ಹೋಗಿತ್ತು ಕಣಪ್ಪ, ನನಗೆ ಮೊದ್ಲೇ ಡೌಟಿತ್ತು" ಎಂದರು ಯಜಮಾನರು. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಪಾರ್ಟಿ ಬಂದಿದ್ರೆ ನೋಡೋಣ ಬಿಡು, ಸಂಜೆ ಬರ್ತೀವಿ" ಎಂದರು.

ತೋಪಿನ ಪಕ್ಕ ಗಾಡಿ ನಿಲ್ಲಿಸಿ ಅವರ ಕೈಯಿಂದ ಫೋನ್ ತೆಗೆದುಕೊಂಡೆ. "ಕಾರು ನನ್ನ ಹೆಸರಲ್ಲಿದೆ. ಓಡ್ಸೋದೂ ನಾನೇ. ಮಾರಲ್ಲ" ಎಂದೆ.

"ಆಯ್ತು ಮೇಡಂ" ಎಂದ ಅವನು. "ಒಂದ್ನಿಮಿಷ ಸಾರ್‌ಗೆ ಕೊಡಿ."

ಕಟ್ ಮಾಡಿ ಫೋನನ್ನು ನನ್ನ ಕಡೆಯ ಬಾಗಿಲಿನ ಖಾನೆಯಲ್ಲಿಟ್ಟೆ. ಯಜಮಾನರು ಕೈ ಚಾಚಿದರು. ನಾನು ಗೇರ್ ಹಾಕಿದೆ.