ಬರಿ ನೀರಿನ ಕೊಳವೆ

ಅಕ್ಕೋರ ಮುಂಗೈ ಯಾವಾಗಲೂ ಬೋಳು. ಪ್ರಯೋಗಾಲಯದ ಬಾಗಿಲ ಪಕ್ಕದ ಮೊಳೆಗೆ ಹಸಿರು ಬಳೆಗಳನ್ನು ತೂಗುಹಾಕಿ, ಮೊಣಕೈವರೆಗೆ ತೊಳೆದುಕೊಂಡೇ ಒಳಗೆ ಬರುತ್ತಿದ್ದರು. ಮುತ್ತೈದೆ ಹೀಗಿರಬಾರದೆಂದು ನಾನು ಗೊಣಗಿದರೆ, "ಮೊಳಿ ಮ್ಯಾಲ ಅದಾವಲ್ಲ, ನನ್ನ ಗಂಡಗ ಏನೂ ಆಗಂಗಿಲ್ಲ ತಗೋ" ಎಂದು ನಗುತ್ತಿದ್ದರು.

ಕೊಪ್ಪಳದಲ್ಲಿ ದನ-ಕುರಿಗಳ ರಕ್ತ ಪರೀಕ್ಷಿಸುವ ಪುಟ್ಟ ಪ್ರಯೋಗಾಲಯ ನಮ್ಮದು. ಅವರು ಹಿರಿಯ ತಂತ್ರಜ್ಞೆ, ಎಲ್ಲರಿಗೂ ಅಕ್ಕೋರು, ನಾನು ಹೊಸಬಳು. ರಕ್ತದಲ್ಲಿ ಸಾಸಿವೆಯಷ್ಟೂ ಇರದ ತಾಮ್ರವನ್ನು ಅಳೆಯಬೇಕಿತ್ತು. ಹಳೆಯ ಪದ್ಧತಿಯಲ್ಲಿ ಔಷಧಿ ಬೆರೆಸಿ, ತಾಮ್ರವಿದ್ದರೆ ಬರುವ ಹಳದಿ ಬಣ್ಣ ನೋಡುವುದು. ಹೊಸ ಯಂತ್ರ ಉರಿಯಲ್ಲಿ ಸುಟ್ಟು ಅಂಕಿ ಕೊಡುತ್ತದೆ. ಆ ವರ್ಷ ಎರಡನ್ನೂ ಹೋಲಿಸಿ ನೋಡುತ್ತಿದ್ದೆವು. ಯಾವುದೇ ಇರಲಿ, ಅಕ್ಕೋರದು ಒಂದೇ ಹಟ: ರಕ್ತಕ್ಕಿಂತ ಮೊದಲು ಬರಿ ನೀರಿನ ಕೊಳವೆ.

"ಏನೂ ಇಲ್ಲದ್ದನ್ನ ಮೊದಲ ಅಳತಿ ಮಾಡವ್ವ. ನಮ್ಮ ಹೊಲಸು ಅದರಾಗ ಕಾಣತೈತಿ."

ಒಮ್ಮೆ ಬೇವೂರಿನ ಅಜ್ಜಿಯೊಬ್ಬರ ಕುರಿಗಳ ರಕ್ತ ಬಂತು. ಹುಟ್ಟಿದ ಮರಿಗಳು ಹಿಂಗಾಲು ಎಳೆದುಕೊಂಡು ಸಾಯುತ್ತಿದ್ದವು. ತಾಯಿಕುರಿಗಳಿಗೆ ತಾಮ್ರ ಕಡಿಮೆಯಾಗಿದೆಯೋ ಇಲ್ಲವೋ ಎಂದು ನಾವು ಹೇಳಬೇಕಾಗಿತ್ತು. ಸಾಕಷ್ಟಿದೆ ಎಂದವು ಎರಡೂ ಪದ್ಧತಿ. ಅಂಕಿಗಳು ಒಂದಕ್ಕೊಂದು ಹೊಂದಿದ್ದಕ್ಕೆ ಹಿಗ್ಗಿ, ಬರಿ ನೀರಿನ ಗೊಡವೆಗೇ ಹೋಗದೆ ವರದಿ ಬರೆದುಬಿಟ್ಟೆ.

ಅಕ್ಕೋರು ಸಹಿ ಹಾಕಲಿಲ್ಲ. ನನ್ನ ಖಾಲಿ ಕೊಳವೆಯೊಂದಕ್ಕೆ ನೀರು, ಔಷಧಿ ಹಾಕಿದರು. ನೀರೇ ಹಳದಿಯಾಯಿತು.

"ಇವನ್ನ ಯಾದರಾಗ ತೊಳದಿ?"

ಪ್ಲಾಸ್ಟಿಕ್ ಬುಟ್ಟಿ ಒಡೆದಿತ್ತು. ಆಮ್ಲದಲ್ಲಿ ನೆನೆದ ಕೊಳವೆಗಳನ್ನು ಮನೆಯಿಂದ ತಂದ ಪಾತ್ರೆಯಲ್ಲಿ ಜಾಲಾಡಿ, ಅದರಲ್ಲೇ ಒಣಗಲು ಬಿಟ್ಟಿದ್ದೆ. "ತಾಮ್ರದ ಬೋಗುಣ್ಯಾಗ್ರಿ. ಹುಣಸಿಹಣ್ಣು ಹಚ್ಚಿ ಫಳಫಳ ತಿಕ್ಕಿದ್ನಿ" ಎಂದೆ. ಬೈಗುಳ ಬರುತ್ತದೆಂದು ತಲೆ ತಗ್ಗಿಸಿ ನಿಂತೆ.

"ನಿಮ್ಮವ್ವ ಛಲೋನ ಕಲಿಸ್ಯಾಳ. ಆದ್ರ ಕುರಿ ಮೈಯಾಗ ಇಲ್ಲದ ತಾಮ್ರ ನಿನ್ನ ಬೋಗುಣಿ ಕೊಟ್ಟೈತಿ. ನಡಿ ಬೇವೂರಿಗೆ."

ಅಲ್ಲಿ ಅಜ್ಜಿಯ ಕೈ ಹಿಡಿದುಕೊಂಡು ಅವರೇ ಹೇಳಿದರು: "ತಪ್ಪು ನಮ್ಮದು ಯಮ್ಮಾ. ಇನ್ನೊಮ್ಮೆ ರಕ್ತ ತಗೀತೀವಿ." ನಮ್ಮದು ಎಂದರು, ನನ್ನತ್ತ ತಿರುಗಿ ಕೂಡ ನೋಡಲಿಲ್ಲ. ಹೊಸ ರಕ್ತದಲ್ಲಿ ತಾಮ್ರ ತೀರಾ ಕಡಿಮೆಯಿತ್ತು. ಡಾಕ್ಟರು ಔಷಧಿ ಕೊಟ್ಟರು. ಮುಂದಿನ ಸಲ ಹುಟ್ಟಿದ ಮರಿಗಳು ಎದ್ದು ನಿಂತವೆಂದು ಹೇಳಲು ಅಜ್ಜಿ ಬಸ್ಸು ಹತ್ತಿ ಬಂದಿದ್ದರು.

ಕಳೆದ ವರ್ಷ ಅಕ್ಕೋರು ಹೋಗಿಬಿಟ್ಟರು. ಮುತ್ತೈದೆ ಸಾವೆಂದು ಕೈ ತುಂಬ ಹಸಿರು ಬಳೆ ತೊಡಿಸಿದ್ದರು. ಆ ಕೈ ನನಗೆ ಗುರುತೇ ಹತ್ತಲಿಲ್ಲ. ಪಕ್ಕದಲ್ಲಿ ಅವರ ಗಂಡ, ಅವರು ಹೇಳುತ್ತಿದ್ದಂತೆ ಏನೂ ಆಗದೆ, ಕೂತು ಅಳುತ್ತಿದ್ದರು.

ಮರುದಿನ ಅದೇ ಮೊಳೆಗೆ ನನ್ನ ಬಳೆ ಹಾಕಿ, ಮೊದಲು ಬರಿ ನೀರಿನ ಕೊಳವೆ ಅಳೆದೆ. ಹಳದಿ ಬರಲಿಲ್ಲ. ಅಕ್ಕೋರಿಗೆ ತೋರಿಸೋಣವೆಂದು ಕೊಳವೆ ಹಿಡಿದುಕೊಂಡೇ ತಿರುಗಿದೆ.