ಲಲಿತಾ ಆಂಟಿಯ ಕಿವಿ

ನಮ್ಮ ಮನೆಗೆ ಬಂದರೆ ಲಲಿತಾ ಆಂಟಿ ಮೊದಲು ಮಾಡುತ್ತಿದ್ದ ಕೆಲಸ ಫ್ಯಾನ್ ಆರಿಸುವುದು. ಸೆಖೆ ಇರಲಿ, ನೆಂಟರಿರಲಿ, ಪಟ್ಟನೆ ಸ್ವಿಚ್ ಒತ್ತಿ, ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ನಿಂತುಬಿಡುತ್ತಿದ್ದರು. ಮನೆಯೊಳಗಿನ ಶಬ್ದಗಳೆಲ್ಲ ಅವರಿಗೆ ಬಿಡಿಬಿಡಿಯಾಗಿ ಕೇಳುತ್ತಿದ್ದವು. “ನಿನ್ನ ಫ್ರಿಡ್ಜ್ ಸರಿಯಾಗಿ ಕೂತಿಲ್ಲ ಕಣೆ ಸುಮಾ, ಒಂದು ಕಾಲು ಕುಂಟ್ತಿದೆ,” ಅನ್ನುವರು. ಬಗ್ಗಿ ನೋಡಿದರೆ ನಿಜವಾಗಿಯೂ ಒಂದು ಕಾಲಿನಡಿ ಸಂದು. ಅದಕ್ಕೊಂದು ರಟ್ಟು ತುರುಕಿಸಿ, ಫ್ಯಾನ್ ಹಾಕಿ, “ಈಗ ಕಾಫಿ ಕೊಡು,” ಎಂದು ಕೂರುತ್ತಿದ್ದರು.

ಇಟ್ಟಮಡುವಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಹಡಿಯಲ್ಲಿ ಅವರೊಬ್ಬರೇ ಇದ್ದರು. ಟೆಲಿಫೋನ್ ತಯಾರಿಸುವ ಒಂದು ಫ್ಯಾಕ್ಟರಿಯ ಟೆಸ್ಟಿಂಗ್ ವಿಭಾಗದಲ್ಲಿ ದುಡಿದು ನಿವೃತ್ತರಾಗಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ನಿವೃತ್ತಿಯ ಮೇಲೆ ಅವರು ಹಿಡಿದದ್ದು ವಿಚಿತ್ರವಾದ ಕೆಲಸ: ಹಳೇ ಹೋಂ ಕಂಪ್ಯೂಟರುಗಳ ಸೌಂಡ್ ರಿಪೇರಿ. ಕೀಬೋರ್ಡೂ ಕಂಪ್ಯೂಟರೂ ಒಂದೇ ಡಬ್ಬಿಯಲ್ಲಿರುವ, ಟಿವಿಗೆ ಸಿಕ್ಕಿಸಿಕೊಂಡು ಬಳಸುವ, ಪ್ರೋಗ್ರಾಮನ್ನು ಕ್ಯಾಸೆಟ್ಟಿನಿಂದ ಓದುವ ಯಂತ್ರಗಳು ಅವು. ಚಿಕ್ಕಂದಿನಲ್ಲಿ ಅವುಗಳಲ್ಲಿ ಆಟವಾಡಿದವರು ಈಗ ತಲೆ ನರೆತ ಮೇಲೆ ಅಟ್ಟದಿಂದ ಇಳಿಸಿ, ಜಯನಗರ, ಜೆ.ಪಿ. ನಗರದಿಂದ ಮಗುವನ್ನು ಎತ್ತಿಕೊಂಡು ಬರುವ ಹಾಗೆ ತರುತ್ತಿದ್ದರು.

ಆಂಟಿ ಅವುಗಳಿಗೆ ಕಾಯಿಲೆಯ ಭಾಷೆಯಲ್ಲೇ ಹೆಸರಿಡುತ್ತಿದ್ದರು. ಗುಂಯ್ಗುಡುತ್ತಿದ್ದರೆ “ಹೊಟ್ಟೆ ಕೆಟ್ಟಿದೆ,” ಅಂದರೆ ಕರೆಂಟು ಶುದ್ಧವಾಗಿ ಬರುತ್ತಿಲ್ಲ. ವಾಲ್ಯೂಮ್ ತಿರುಗಿಸಿದಾಗ ಚರಚರ ಅಂದರೆ “ಗಂಟಲು ಕೆರೀತಿದೆ.” ಸದ್ದೇ ಇಲ್ಲದಿದ್ದರೆ “ಮುನಿಸ್ಕೊಂಡಿದೆ, ಕೇಳೋಣ ಇರಿ ಯಾಕೆ ಅಂತ.” ಕೇಳುವುದಕ್ಕೆ ಅವರೇ ಮಾಡಿಕೊಂಡ ಒಂದು ಸಾಧನವಿತ್ತು: ಹಳೇ ಇಯರ್‌ಫೋನಿನ ತಂತಿಗೆ ಬೆಸೆದ, ಕರೆಂಟು ತಡೆದು ಸದ್ದನ್ನಷ್ಟೇ ಬಿಡುವ ಒಂದು ಸಣ್ಣ ಕೆಪಾಸಿಟರ್, ಅದರ ತುದಿಯಲ್ಲಿ ಹೊಲಿಗೆ ಸೂಜಿ. ಯಂತ್ರದಲ್ಲಿ ಒಂದೇ ಸ್ವರ ನುಡಿಯುವಂತೆ ಮಾಡಿ, ಶಬ್ದ ಹುಟ್ಟುವ ಸೌಂಡ್ ಚಿಪ್‌ನಿಂದ ಹಿಡಿದು ಡಬ್ಬಿಯೊಳಗಿನ ಸ್ಪೀಕರಿನವರೆಗೆ ದಾರಿಯುದ್ದಕ್ಕೂ ಸೂಜಿ ಮುಟ್ಟಿಸುತ್ತ ಹೋಗುತ್ತಿದ್ದರು. ಇಲ್ಲಿವರೆಗೆ ಕೇಳಿಸಿತು, ಮುಂದೆ ಇಲ್ಲ ಅಂದರೆ ಕಳ್ಳ ಅಲ್ಲೇ.

ಯಾವಾಗಲೂ ಹೀಗೆ ನಡೆಯುತ್ತಿರಲಿಲ್ಲ. ಒಮ್ಮೆ ಆತುರಕ್ಕೆ ಬಿದ್ದು ಸೌಂಡ್ ಚಿಪ್ಪೇ ಹೋಗಿದೆಯೆಂದು ಬದಲಾಯಿಸಿದರು. ಆದರೂ ಸದ್ದಿಲ್ಲ. ಊಟ ಬಿಟ್ಟು ಕೂತು ನೋಡಿದರೆ, ಸ್ಪೀಕರಿನ ತಂತಿಯನ್ನು ಇರುವೆಗಳು ಕಚ್ಚಿ ತುಂಡು ಮಾಡಿದ್ದವು. “ಇರುವೆ ಕಂಡುಹಿಡಿಯಕ್ಕೆ ಅರ್ಧ ದಿನ ಬೇಕಾಯ್ತು ನೋಡು ನಂಗೆ!” ಎಂದು ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದರು.

ಊರವರದನ್ನೆಲ್ಲ ರಿಪೇರಿ ಮಾಡುತ್ತಿದ್ದ ಅವರ ಗಾಡ್ರೆಜ್ ಬೀರುವಿನಲ್ಲಿ, ಹೂವಿನ ದಿಂಬಿನ ಕವರಿನೊಳಗೆ, ಸೌಂಡ್ ಸತ್ತ ಒಂದು ಕಂಪ್ಯೂಟರ್ ಇತ್ತು. ಅದು ಅವರ ಮಗಳು ವಿನುತಾಳದು. ಅವಳು ಹೈಸ್ಕೂಲಿನಲ್ಲಿದ್ದಾಗ ಅದರಲ್ಲಿ ತಾನೇ ಒಂದು ರಾಗ ಕಟ್ಟಿ ಟೈಪ್ ಮಾಡಿ ಕ್ಯಾಸೆಟ್ಟಿಗೆ ತುಂಬಿಸಿದ್ದಳಂತೆ. ಸಂಜೆ ಫ್ಯಾಕ್ಟರಿ ಬಸ್ಸಿಳಿದು ಅಮ್ಮ ಗೇಟು ತೆಗೆದದ್ದು ಕೇಳಿಸಿದ ಕೂಡಲೇ ಕೀ ಒತ್ತುತ್ತಿದ್ದಳು. ಆಂಟಿ ಮೆಟ್ಟಿಲು ಹತ್ತಿ ಮುಗಿಸುವುದಕ್ಕೂ ರಾಗ ಮುಗಿಯುವುದಕ್ಕೂ ಸರಿಯಾಗುತ್ತಿತ್ತು. ಕಾಲೇಜಿಗೆ ಸೇರಿದ ವರ್ಷ ಜ್ವರ ಬಂತು, ಮಿದುಳಿಗೇರಿತು, ಒಂದು ವಾರದೊಳಗೆ ಹುಡುಗಿ ಹೋದಳು. ವರ್ಷಗಳ ಮೇಲೆ ಆಂಟಿ ಧೈರ್ಯ ಮಾಡಿ ಕಂಪ್ಯೂಟರ್ ಹಚ್ಚಿದಾಗ ಟಿವಿಯಲ್ಲಿ ಅಕ್ಷರ ಬಂತು, ಸದ್ದು ಬರಲಿಲ್ಲ.

“ಬಿಚ್ಚಿ ನೋಡಬಾರ್ದಾ ಆಂಟಿ?” ಎಂದು ಕೇಳಿದ್ದೆ.

“ಬಿಚ್ಚಿ ಆಗ್ಲಿಲ್ಲ ಅಂದ್ರೆ?” ಎಂದರು. “ಬಿಚ್ಚದೇ ಇದ್ರೆ ಸರಿಹೋಗುತ್ತೆ ಅನ್ನೋದಾದ್ರೂ ಇರುತ್ತೆ.”

ಆಮೇಲೊಂದು ದಿನ ನನ್ನನ್ನು ಮೇಲಕ್ಕೆ ಕರೆದರು. ಮೇಜಿನ ಮೇಲೆ ಯಾರದೋ ಯಂತ್ರ ನುಡಿಯುತ್ತಿತ್ತು. “ಮೇಲಿನ ಸ್ವರಗಳೇ ಬರ್ತಿಲ್ಲ ಇದರಲ್ಲಿ. ಎಲ್ಲ ನೋಡ್ದೆ, ಎಲ್ಲ ಸರಿಯಾಗೇ ಇದೆ.” ನನಗೆ ಆ ಸ್ವರಗಳು ಸ್ಪಷ್ಟವಾಗಿ ಕೇಳುತ್ತಿದ್ದವು. ಆಂಟಿ ನನ್ನ ಮುಖ ನೋಡುತ್ತಿದ್ದರು. ನಿಧಾನವಾಗಿ ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, “ಓ... ನನ್ನ ಕಿವೀದಾ?” ಎಂದರು.

ಬನಶಂಕರಿಯ ಕಿವಿ ಡಾಕ್ಟರು ನರ ಸೋಲುತ್ತಿದೆ ಎಂದರು. ಮೊದಲು ಹೋಗುವುದು ಮೇಲಿನ ಸ್ವರಗಳು, ಆಮೇಲೆ ಉಳಿದವು. ಕಿವಿಗೆ ಮಿಷಿನ್ ಹಾಕಿಕೊಂಡರೆ ಕೆಲವು ಕಾಲ ಅನುಕೂಲ, ಅಷ್ಟೇ. ಮನೆಗೆ ಬಂದು ಆಂಟಿ ಚಪ್ಪಲಿ ಕೂಡ ಬಿಡದೆ ಬೀರು ತೆಗೆದು ದಿಂಬಿನ ಕವರನ್ನು ಹೊರಗೆಳೆದರು. “ಸುಮಾ, ಕೂತ್ಕೋ. ಸೂಜಿ ನಾನು ಹಿಡೀತೀನಿ. ಇಯರ್‌ಫೋನ್ ನೀನು ಹಾಕ್ಕೋ.”

ಭಾನುವಾರಗಳೆಲ್ಲ ಅದಕ್ಕೇ ಹೋದವು. ಅವರು ಸೂಜಿ ಮುಟ್ಟಿಸುವುದು, ನಾನು “ಇದೆ”, “ಇದೆ” ಅನ್ನುವುದು. ಒಂದೊಂದು ಜಾಗಕ್ಕೂ ಎರಡೆರಡು ಸಲ ಸೂಜಿ ಮುಟ್ಟಿಸುತ್ತಿದ್ದರು. ಬೇರೆಯವರ ಯಂತ್ರಕ್ಕೆ ಅವರು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ಒಂದು ಕಡೆ “ಇಲ್ಲ ಆಂಟಿ” ಎಂದೆ. ಕೆಪಾಸಿಟರೊಂದು ಸೋರಿ, ಅದರ ರಸ ಕೆಳಗಿನ ಬೋರ್ಡಿನ ತಾಮ್ರದ ಗೆರೆಯನ್ನು ತಿಂದುಹಾಕಿತ್ತು. ಆಂಟಿ ಅದನ್ನು ಒರೆಸಿ, ಹೊಸ ಕೆಪಾಸಿಟರ್ ಹಾಕಿ, ಕೂದಲಿನಷ್ಟು ಸಣ್ಣ ತಂತಿಯಿಂದ ತುಂಡಾದ ಗೆರೆಯ ಎರಡು ತುದಿಗಳನ್ನು ಬೆಸೆದರು.

ವಿನುತಾಳ ಕ್ಯಾಸೆಟ್ ಹಾಕಿದೆವು. ಕಿರ್ರೋ ಎಂದು ಅರಚುತ್ತ ಪ್ರೋಗ್ರಾಂ ಒಳಗೆ ಹೋಯಿತು. ಆಂಟಿ ಕೀ ಒತ್ತಿದರು.

ಬಂತು. ಕೆಳಗೆ ಯಾರೋ ಮೆಟ್ಟಿಲು ಹತ್ತುವ ಹಾಗೆ ಒಂದೊಂದೇ ದಪ್ಪ ಸ್ವರ. ಅದರ ಮೇಲೆ ಕುಣಿದಾಡುವ ತೆಳ್ಳನೆಯ ರಾಗ. ನನಗೆ ಮೈ ಜುಮ್ಮೆಂದಿತು. ಆಂಟಿ ತಲೆ ವಾಲಿಸಿ, ಕಿವಿಯನ್ನು ಸ್ಪೀಕರಿಗೇ ಒತ್ತಿ ಹಿಡಿದಿದ್ದರು. ಮುಗಿದ ಮೇಲೆ ಮತ್ತೆ ಒತ್ತಿದರು. ಮತ್ತೆ.

“ಮೇಲಿಂದು ಬರ್ತಿದೆಯೇನೆ?”

“ಬರ್ತಿದೆ ಆಂಟಿ.”

“ನಂಗೆ ಬರೀ ಮೆಟ್ಟಿಲು ಕೇಳ್ತಿದೆ.”

ಅಳು ತಡೆಯಲಾರದೆ ಏನಾದರೂ ಹೇಳಬೇಕೆಂದು ಹೇಳಿದೆ: “ಪ್ರೋಗ್ರಾಮಲ್ಲಿ ಅಂಕಿ ಬದಲಾಯಿಸಿದ್ರೆ ಅದೇ ರಾಗ ತಗ್ಗಿನ ದನೀಲಿ ಬರುತ್ತಲ್ವಾ? ಆಗ ನಿಮಗೆ ಕೇಳಿಸುತ್ತೆ.”

ಆಂಟಿ ತಲೆಯಾಡಿಸಿದರು. “ಅವಳು ಬರೆದದ್ದನ್ನ ನಾನು ತಿದ್ದೋದಾ? ಬೇಡ. ನೀನು ಹಾಡು. ತಗ್ಗಿಸಿ ಹಾಡು.”

ನಾನು ಹಾಡುವವಳಲ್ಲ. ಆದರೂ ಅವರ ಕಿವಿಯ ಹತ್ತಿರ ಬಗ್ಗಿ, ಯಂತ್ರ ನುಡಿಸಿದ್ದನ್ನು ಕೆಳಗಿನ ದನಿಯಲ್ಲಿ ಗುನುಗಿದೆ. ನಡುವೆ ಒಂದು ಕಡೆ ತಪ್ಪಿದೆ. “ಅಲ್ಲಿ ಅವಳು ಸ್ವಲ್ಪ ನಿಲ್ಲಿಸ್ತಿದ್ಲು,” ಎಂದರು ಆಂಟಿ. ಕಣ್ಣು ಮುಚ್ಚಿಕೊಂಡಿದ್ದರು. “ಮೆಟ್ಟಿಲ ತಿರುವಿನಲ್ಲಿ ನಾನು ಉಸಿರು ತಗೋತಿದ್ದೆನಲ್ಲ, ಅದಕ್ಕೆ.”

ಮಳೆಗಾಲ ಕಳೆಯುವುದರೊಳಗೆ ಆ ಮೆಟ್ಟಿಲೂ ಅವರಿಗೆ ಕೇಳದಾಯಿತು. ರಿಪೇರಿಗೆ ಬಂದವರನ್ನು ಕೈಮುಗಿದು ಕಳಿಸಿಬಿಡುತ್ತಿದ್ದರು. ಕೆಳಗೆ ನಮ್ಮ ಮನೆಗೆ ಬರುವುದನ್ನೂ ನಿಲ್ಲಿಸಿದರು. ಬಂದರೆ ನಾನು ಕೂಗಿ ಕೂಗಿ ಮಾತಾಡಬೇಕಾಗುತ್ತದೆ ಎಂಬ ಸಂಕೋಚ. ಒಬ್ಬರೇ ಇರುವುದು ಕಷ್ಟವಾದಾಗ ಬೇಗೂರಿನಲ್ಲಿದ್ದ ಅವರ ತಂಗಿ ಬಂದು ಕರೆದುಕೊಂಡು ಹೋದರು.

ಕೆಲವು ತಿಂಗಳ ಮೇಲೆ, ಆಂಟಿ ಎದೆಯ ತೊಂದರೆಯಿಂದ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಬೇಗೂರಿಗೆ ಹೋದೆ. ತೀರಾ ಸಣ್ಣಗಾಗಿದ್ದರು. ನನ್ನನ್ನು ಕಂಡು ಮುಖ ಅರಳಿತು. ಅವರಿಗೆ ಬರೆದು ತೋರಿಸಲೆಂದು ಹಾಸಿಗೆಯ ಪಕ್ಕ ಇಟ್ಟಿದ್ದ ಸ್ಲೇಟಿಗೆ ನಾನು ಕೈಹಾಕಿದೆ. ಅವರು ಅದನ್ನು ಸರಿಸಿ, ಹತ್ತಿರ ಬಾ ಎಂದು ಸನ್ನೆ ಮಾಡಿ, ತಮ್ಮ ತಣ್ಣನೆಯ ಅಂಗೈಯನ್ನು ನನ್ನ ಗಂಟಲಿನ ಮೇಲಿಟ್ಟರು.

“ಮಾತಾಡು,” ಎಂದರು. ತಮ್ಮ ದನಿ ತಮಗೇ ಕೇಳದೆ ಜೋರಾಗಿಯೇ ಅಂದಿದ್ದರು. “ಏನಾದ್ರೂ ಪರವಾಗಿಲ್ಲ.”

ನಾನು ಮಾತಾಡಿದೆ. ಬಸ್ಸಿನ ರಶ್ಶು, ನಾನು ಪಾಠ ಮಾಡುವ ಶಾಲೆಯ ಮಕ್ಕಳ ತಂಟೆ, ನಮ್ಮ ಬೀದಿಯಲ್ಲಿ ಮತ್ತೆ ಅಗೆದ ರಸ್ತೆ, ಒಡೆದುಹೋದ ಹಾಲು. ನಾನು ಮಾತು ನಿಲ್ಲಿಸಿದರೆ, ಅವರ ಬೆರಳು ಮೆಲ್ಲಗೆ ತಟ್ಟುತ್ತಿತ್ತು. ನಾನು ಮತ್ತೆ ಶುರುಮಾಡುತ್ತಿದ್ದೆ. ಆ ಮಧ್ಯಾಹ್ನ ಅವರು ನಿದ್ದೆಹೋಗಿ ಕೈ ತಾನಾಗಿ ಜಾರಿದ ಮೇಲೂ ನಾನು ಹಾಗೇ ಕೂತು ಏನೇನೋ ಮಾತಾಡುತ್ತಲೇ ಇದ್ದೆ.

ಮಾರನೆಯ ಬೆಳಿಗ್ಗೆ ಅವರ ತಂಗಿಯ ಫೋನ್ ಬಂತು.