ತುಟಿಯಾಡಿಸುವ ತರಗತಿ

ಬೆಳಕು ಇನ್ನೂ ಹರಿದಿಲ್ಲ. ಶಾಲೆಯ ಉದ್ದನೆಯ ಪಡಸಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಒಬ್ಬರೇ ಕಿಟಕಿಗಳನ್ನು ತೆರೆಯುತ್ತ ಬರುತ್ತಾರೆ. ಹೊಲದ ಮಂಜು ಮೆಲ್ಲಗೆ ಒಳಗೆ ಬಂದು, ಬೇಗ ಬಂದ ಮಕ್ಕಳ ಹಾಗೆ ಬೆಂಚುಗಳ ಮೇಲೆ ಕೂರುತ್ತದೆ. ಸೋರುವ ನಲ್ಲಿಗೆ ಬಟ್ಟೆ ಸುತ್ತಿ, ನಾಲ್ಕನೆಯ ತರಗತಿಯ ಹಲಗೆ ಒರೆಸಿ, ಅವರು ಒಂದನೆಯ ತರಗತಿಯ ಬಾಗಿಲಲ್ಲಿ ನಿಂತುಬಿಡುತ್ತಾರೆ. ಇವತ್ತು ಇಲ್ಲಿ ಒಂದು ಮಾತು ಆಡಲೇಬೇಕು. ಅದನ್ನು ವಾರದಿಂದ ಮುಂದೂಡುತ್ತಲೇ ಬಂದಿದ್ದಾರೆ.

ಈ ಕೋಣೆ ಹಿರಿಯ ಟೀಚರಮ್ಮನದು. ಮುಖ್ಯೋಪಾಧ್ಯಾಯಿನಿಗೆ ಕೈಹಿಡಿದು ಅಕ್ಷರ ತಿದ್ದಿಸಿದವರೂ ಅವರೇ, ಇದೇ ಕೋಣೆಯಲ್ಲಿ. ಇಂದಿಗೂ ಟೀಚರಮ್ಮ ಎಲ್ಲರೆದುರು ಈ ಶಿಷ್ಯೆಯನ್ನು ಕರೆಯುವುದು "ಪುಟ್ಟಿ" ಎಂದೇ.

"ಶಾಲೆಯ ಬೀಗದಕೈ ಕೊಟ್ಟ ದಿನ ಅಧಿಕಾರ ಬಂತು ಅಂದ್ಕೊಂಡೆ. ಬಂದದ್ದು ನಲ್ಲಿ ರಿಪೇರಿ, ಅಪ್ಪ ಅಮ್ಮಂದಿರ ತಕರಾರು, ರಜೆ ಹಾಕಿದವರ ಕ್ಲಾಸು" ಎಂದು ಕೇಳಿದವರ ಮುಂದೆ ಮುಖ್ಯೋಪಾಧ್ಯಾಯಿನಿ ನಗುತ್ತಾರೆ. "ಅದೆಲ್ಲ ಮೈ ಬಗ್ಗಿಸಿದ್ರೆ ಆಗುತ್ತೆ. ದೊಡ್ಡೋರಿಗೆ ಹೇಳೋದಿದೆಯಲ್ಲ, ಅದೇ ಕಷ್ಟ."

ಮೊದಮೊದಲು ಅವರಿಗೆ ಈ ಕೋಣೆಯ ಮೌನವೇ ಹೆಮ್ಮೆ. ಮಿಕ್ಕ ತರಗತಿಗಳು ಸಂತೆಯಾದಾಗಲೂ ಇಲ್ಲಿ ಗಪ್‌ಚಿಪ್. ನೋಡಿ ಕಲಿಯಿರಿ ಎಂದು ಬೇರೆ ಶಿಕ್ಷಕರಿಗೆ ಹೇಳಿದ್ದೂ ಉಂಟು. ಹೋದ ವಾರ ಒಂದು ಮಧ್ಯಾಹ್ನ ಕಿಟಕಿಯಲ್ಲಿ ಇಣುಕಿದರೆ ಕನಸಿನಂಥ ನೋಟ. ಮಕ್ಕಳೆಲ್ಲ ಒಟ್ಟಿಗೆ ತುಟಿಯಾಡಿಸುತ್ತಿದ್ದಾರೆ, ಟೀಚರಮ್ಮ ತಲೆದೂಗಿ "ಶಭಾಷ್" ಎನ್ನುತ್ತಿದ್ದಾರೆ. ಓದಿನ ದನಿ ಮಾತ್ರ ಇಲ್ಲವೇ ಇಲ್ಲ. ಟೀಚರಮ್ಮನ ಕಿವಿ ಯಾವಾಗಲೋ ಮಂದವಾಗಿದೆ. ಬಾಯಿ ಆಡಿಸಿದರೆ ಸಾಕೆಂದು ಮಕ್ಕಳು ಕಂಡುಕೊಂಡಿದ್ದಾರೆ. ವರ್ಷ ಮುಗಿಯುತ್ತ ಬಂದರೂ ಒಂದಕ್ಕೂ ನೆಟ್ಟಗೆ ಓದಲು ಬಾರದು.

ಟೀಚರಮ್ಮ ಬಂದು ಕೊಡೆಯನ್ನು ಮೂಲೆಗಿಡುತ್ತಾರೆ. ಮುಖ್ಯೋಪಾಧ್ಯಾಯಿನಿ ಎದುರಿನ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಮಡಿಸಿ ಕೂತು, ಮುಖ ಕಾಣುವಂತೆ, ನಿಧಾನವಾಗಿ ಕಂಡದ್ದನ್ನೆಲ್ಲ ಹೇಳುತ್ತಾರೆ. ಕಿವಿಯನ್ನು ಡಾಕ್ಟರಿಗೆ ತೋರಿಸೋಣ, ಅಲ್ಲಿಯವರೆಗೆ ಈ ಮಕ್ಕಳ ಓದು ನನಗಿರಲಿ, ಎಲ್ಲ ತರಗತಿಯ ಕೈಬರಹ ನಿಮಗಿರಲಿ ಎನ್ನುತ್ತಾರೆ. ಈಗಿನ ಮಕ್ಕಳೇ ಗೊಣಗುವುದು ಎಂದು ಟೀಚರಮ್ಮ ಮೊದಲು ರೇಗುತ್ತಾರೆ. ಆಮೇಲೆ ಖಾಲಿ ಬೆಂಚುಗಳ ಕಡೆ ತಿರುಗಿ ಕೇಳುತ್ತಾರೆ.

"ಮಕ್ಕಳಿಗೆ ಗೊತ್ತಿತ್ತಾ?"

"ಗೊತ್ತಿತ್ತು, ಟೀಚರ್."

"ಒಂದಾದ್ರೂ ಬಾಯಿ ಬಿಡ್ಲಿಲ್ಲವಲ್ಲ, ಕಳ್ಳ ಪಿಳ್ಳೆಗಳು." ನಗಲು ಹೋಗಿ, ಆಗದೆ, ಸೀಮೆಸುಣ್ಣದ ಡಬ್ಬಿಯನ್ನು ಮುಂದಕ್ಕೆ ತಳ್ಳುತ್ತಾರೆ. "ಆಯ್ತು ಹೆಡ್‌ಮೇಡಂ. ನೀವು ಹೇಳಿದ ಹಾಗೇ ಆಗ್ಲಿ."

ಪುಟ್ಟಿ ಎಂಬ ಹೆಸರು ಅಲ್ಲಿಗೆ ಮುಗಿಯುತ್ತದೆ. ಅಂದಿನಿಂದ ಟೀಚರಮ್ಮ ಟೀ ಲೋಟವನ್ನು ಬೇರೆ ಮೇಜಿಗೆ ಒಯ್ಯುತ್ತಾರೆ. ಒಂದನೆಯ ತರಗತಿಯಿಂದ ಈಗ ದಿನವೂ ಗದ್ದಲ ಏಳುತ್ತದೆ. ತಡವರಿಸುವ, ಮುಗ್ಗರಿಸುವ, ಮತ್ತೆ ಮೊದಲಿನಿಂದ ಹಿಡಿಯುವ ಓದು. ಪಕ್ಕದ ಕೋಣೆಯವರು ಬಂದು ದೂರುತ್ತಾರೆ.

"ಟೀಚರಿಗೆ ನೋವಾಗಿದೆ, ಇಲ್ಲ ಅನ್ನಲ್ಲ" ಎನ್ನುತ್ತಾರೆ ಮುಖ್ಯೋಪಾಧ್ಯಾಯಿನಿ, ತರಗತಿಯ ಬಾಗಿಲಲ್ಲಿ ನಿಂತು, ಒಂದು ಕಿವಿ ಆ ಗದ್ದಲದ ಕಡೆಗೇ ಇಟ್ಟು. "ನನಗೂ ಕಣ್ಣೋ ಕಿವಿಯೋ ಸೋಲೋ ದಿನ ಬರುತ್ತೆ. ಆಗ ಯಾರಾದ್ರೂ ಹೀಗೇ ಎದುರಿಗೆ ಕೂತು ಹೇಳ್ಬೇಕು. ಅಷ್ಟೇ ನನ್ನ ಆಸೆ."